ಒಂಬತ್ತು ಹಾಡು, ಒಂದು ಬಾಕಿ

ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ 2025ರ ಜುಲೈ 5ರ ರಾತ್ರಿ ಓಝಿ ಆಸ್ಬೋರ್ನ್ ಹಾಡಿದ್ದು ಒಟ್ಟು ಒಂಬತ್ತು ಹಾಡು. ಮೊದಲು ತಮ್ಮ ಸ್ವಂತ ತಂಡದೊಂದಿಗೆ ಐದು: ‘ಐ ಡೋಂಟ್ ನೋ’, ‘ಮಿಸ್ಟರ್ ಕ್ರೌಲಿ’, ‘ಸುಯಿಸೈಡ್ ಸೊಲ್ಯೂಷನ್’, ‘ಮಾಮಾ, ಐಯಾಮ್ ಕಮಿಂಗ್ ಹೋಮ್’, ‘ಕ್ರೇಜಿ ಟ್ರೇನ್’. ಸ್ವಲ್ಪ ಬಿಡುವಿನ ನಂತರ ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರೂ ಕೂಡಿ ನಾಲ್ಕು: ‘ವಾರ್ ಪಿಗ್ಸ್’, ‘ಎನ್.ಐ.ಬಿ.’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’. ಇದು ತಮ್ಮ ಕೊನೆಯ ಕಾರ್ಯಕ್ರಮ ಎಂದು ಮೊದಲೇ ಸಾರಿದ್ದರು. ಹದಿನೇಳು ದಿನ ಕಳೆದು, ಜುಲೈ 22ರಂದು, 76ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸಾವಿನ ಸುದ್ದಿ ಬಂದ ಮೇಲೆ ಆ ಪಟ್ಟಿಯ ಬಗ್ಗೆ ಮಾತಾಡುವುದಕ್ಕೇ ಹಲವರು ಹಿಂಜರಿದರು. ಹಾಗೆ ಹಿಂಜರಿಯಬೇಕಿಲ್ಲ. ದಶಕಗಳಿಂದ ಒಬ್ಬ ಗಾಯಕನ ಬೆನ್ನು ಹತ್ತಿದ ಅಭಿಮಾನಿಗೆ ಸೆಟ್‌ಲಿಸ್ಟ್ ಎಂಬುದು ಸಣ್ಣ ಸಂಗತಿಯಲ್ಲ. ಯಾವ ಹಾಡಿನಿಂದ ಶುರು, ಯಾವುದು ಕೊನೆ, ಯಾವುದನ್ನು ಕೈಬಿಟ್ಟರು ಎಂಬುದರಲ್ಲಿ ಗಾಯಕ ತನ್ನ ಬದುಕನ್ನು ತಾನೇ ಹೇಗೆ ಓದಿಕೊಂಡಿದ್ದಾನೆ ಎಂಬುದು ಗೊತ್ತಾಗುತ್ತದೆ. ಕೊನೆಯ ಪಟ್ಟಿಯಲ್ಲಂತೂ ಇನ್ನೂ ಹೆಚ್ಚು. ವಿಲ್ಲಾ ಪಾರ್ಕ್‌ನ ಪಟ್ಟಿ ಬಹುಪಾಲು ಸರಿಯಾಗಿತ್ತು, ಅನೇಕರು ಅಂದುಕೊಂಡಿದ್ದಕ್ಕಿಂತ ಹೆಚ್ಚು ಯೋಚಿಸಿ ಮಾಡಿದ್ದಾಗಿತ್ತು, ಆದರೂ ಅದರಲ್ಲಿ ಒಂದು ದೊಡ್ಡ ಹಾಡು ಬಾಕಿ ಉಳಿಯಿತು ಎಂಬುದು ಈ ಬರಹದ ವಾದ.

ಮೊದಲು ಲೆಕ್ಕ ನೋಡೋಣ. ಒಂಬತ್ತರಲ್ಲಿ ನಾಲ್ಕು ಹಾಡು 1980ರ ‘ಬ್ಲಿಝರ್ಡ್ ಆಫ್ ಓಝ್’ ಆಲ್ಬಮ್‌ನವು. ಮೂರು 1970ರ ‘ಪ್ಯಾರನಾಯ್ಡ್’ನವು. ಒಂದು, ಅದೇ 1970ರ ಫೆಬ್ರವರಿಯಲ್ಲಿ ಬಂದ ಸಬ್ಬತ್‌ನ ಚೊಚ್ಚಲ ಆಲ್ಬಮ್‌ನದು. ಉಳಿದ ‘ಮಾಮಾ, ಐಯಾಮ್ ಕಮಿಂಗ್ ಹೋಮ್’ ಒಂದೇ 1991ರದು. ಅಂದರೆ ಅರ್ಧ ಶತಮಾನ ದಾಟಿದ ಹಾಡುಗಾರಿಕೆಯಲ್ಲಿ ಎಂಟು ಹಾಡು ಕೇವಲ ಎರಡು ವರ್ಷಗಳ ಫಸಲು. ‘ಮಾಸ್ಟರ್ ಆಫ್ ರಿಯಾಲಿಟಿ’ಯಿಂದ ‘ನೆವರ್ ಸೇ ಡೈ!’ವರೆಗಿನ ಆರು ಸಬ್ಬತ್ ಆಲ್ಬಮ್‌ಗಳಿಂದ ಒಂದೂ ಇಲ್ಲ. 2013ರಲ್ಲಿ ಬಂದ ‘13’ರಿಂದ ಒಂದೂ ಇಲ್ಲ. 2023ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ ಎಂದು ಗ್ರ್ಯಾಮಿ ಪಡೆದ ‘ಪೇಷೆಂಟ್ ನಂಬರ್ 9’ರಿಂದಲೂ ಇಲ್ಲ. ಅದೇ ಆಲ್ಬಮ್‌ನ ‘ಡಿಗ್ರೆಡೇಷನ್ ರೂಲ್ಸ್’ ಹಾಡಿಗೆ ಅತ್ಯುತ್ತಮ ಮೆಟಲ್ ಪ್ರಸ್ತುತಿಯ ಗ್ರ್ಯಾಮಿಯೂ ಬಂದಿತ್ತು, ಅದರಲ್ಲಿ ಗಿಟಾರ್ ನುಡಿಸಿದ್ದವರು ಸಾಕ್ಷಾತ್ ಸಬ್ಬತ್‌ನ ಟೋನಿ ಅಯೊಮಿ. ಆ ರಾತ್ರಿ ಅವರೂ ಅಲ್ಲೇ ಇದ್ದರು.

ಹಾಗಾಗಿ ‘ಸುರಕ್ಷಿತ ಪಟ್ಟಿ’, ‘ರೇಡಿಯೊದಲ್ಲಿ ಬರುವ ಹಾಡುಗಳ ಪಟ್ಟಿ’ ಎಂಬ ದೂರಿಗೆ ಮೇಲ್ನೋಟಕ್ಕೆ ಆಧಾರವಿದೆ. ಈ ದೂರು ಹೇಳುವವರು ಮುಖ್ಯವಾಗಿ ಹಳೆಯ ಅಭಿಮಾನಿಗಳೇ. ‘ಕ್ರೇಜಿ ಟ್ರೇನ್’ ಅನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದವರಿಗೆ ‘ಡೈರಿ ಆಫ್ ಎ ಮ್ಯಾಡ್‌ಮನ್’ ಬೇಕೆನಿಸುತ್ತದೆ, ‘ಸ್ಪೈರಲ್ ಆರ್ಕಿಟೆಕ್ಟ್’ ಬೇಕೆನಿಸುತ್ತದೆ. ನಮ್ಮ ಕಛೇರಿಗಳಲ್ಲಿ ಮುಂದಿನ ಸಾಲಿನ ರಸಿಕರು ಅಪರೂಪದ ಕೃತಿಯೊಂದರ ಹೆಸರು ಬರೆದು ವೇದಿಕೆಗೆ ಚೀಟಿ ಕಳಿಸುತ್ತಾರಲ್ಲ, ಅದೇ ಆಸೆ ಇದು. ಆಸೆಯಲ್ಲಿ ತಪ್ಪಿಲ್ಲ. ಆದರೆ ಚೀಟಿ ಕಳಿಸುವ ಮೊದಲು ಹಾಡುವವರ ಸ್ಥಿತಿಯನ್ನು ನೋಡಬೇಕು.

ಓಝಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು 2020ರ ಜನವರಿಯಲ್ಲಿ ಬಹಿರಂಗವಾಗಿತ್ತು. ಅದಕ್ಕೂ ಮುಂಚೆ, 2019ರಲ್ಲಿ ಮನೆಯಲ್ಲಿ ಬಿದ್ದು, ಹಿಂದೆ 2003ರಲ್ಲಿ ಕ್ವಾಡ್ ಬೈಕ್ ಅಪಘಾತದಲ್ಲಿ ಆಗಿದ್ದ ಕುತ್ತಿಗೆಯ ಗಾಯ ಮತ್ತೆ ಕೆದರಿತ್ತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. 2023ರ ಫೆಬ್ರವರಿಯಲ್ಲಿ, ಇನ್ನು ಪ್ರವಾಸ ತಮ್ಮಿಂದಾಗದು ಎಂದು ಅವರೇ ಹೇಳಿದರು. ವಿಲ್ಲಾ ಪಾರ್ಕ್‌ನಲ್ಲಿ ವೇದಿಕೆಯ ಅಡಿಯಿಂದ ಮೇಲೆದ್ದು ಬಂದ, ಬಾವಲಿಯನ್ನು ಹೊತ್ತ ಕಪ್ಪು ಸಿಂಹಾಸನದಲ್ಲಿ ಅವರು ಕೂತೇ ಹಾಡಿದರು. ವೇದಿಕೆಯ ಉದ್ದಗಲಕ್ಕೂ ಓಡುತ್ತ, ಜನರ ಮೇಲೆ ಬಕೆಟ್‌ಗಟ್ಟಲೆ ನೀರೆರಚುತ್ತ ಹಾಡಿ ರೂಢಿಯಿದ್ದ ಮನುಷ್ಯ ಅವರು. ಆರು ವರ್ಷ ಹಾಸಿಗೆ ಹಿಡಿದಿದ್ದೆ ಎಂದು ಆ ಸಿಂಹಾಸನದಿಂದಲೇ ಜನರಿಗೆ ಹೇಳಿಕೊಂಡರು. ಎದ್ದು ನಿಲ್ಲಲು ಅವರು ಪಟ್ಟ ಪ್ರಯತ್ನ ಎಲ್ಲರಿಗೂ ಕಾಣುತ್ತಿತ್ತು.

ಇಂಥ ದೇಹಕ್ಕೆ, ಇಂಥ ಉಸಿರಿಗೆ ಯಾವ ಹಾಡು ಹೊಂದುತ್ತದೆ? ಸಬ್ಬತ್‌ನ ನಾಲ್ಕು ಹಾಡುಗಳನ್ನು ಈ ಪ್ರಶ್ನೆ ಹಿಡಿದು ಮತ್ತೊಮ್ಮೆ ನೋಡಬೇಕು.

‘ವಾರ್ ಪಿಗ್ಸ್’ನ ಮೊದಲ ಚರಣದಲ್ಲಿ ಗಿಟಾರ್ ಎರಡು ಏಟು ಹೊಡೆದು ಸುಮ್ಮನಾಗುತ್ತದೆ. ಡ್ರಮ್ಸ್‌ನ ಹೈ-ಹ್ಯಾಟ್ ಮಾತ್ರ ಕಾಲ ಎಣಿಸುತ್ತಿರುತ್ತದೆ. ಆ ಖಾಲಿ ಜಾಗದಲ್ಲಿ ಗಾಯಕ ಒಂದೊಂದೇ ಸಾಲು ಹೇಳಿ ನಿಲ್ಲಬೇಕು. ಈ ಹಾಡನ್ನು ಜನ ತಾವೇ ಹಾಡುವ ಪದ್ಧತಿ ಎಷ್ಟೋ ವರ್ಷಗಳಿಂದ ಇದೆ. ಗಾಯಕನಿಗೆ ಉಸಿರು ಸಿಗಲು ಇಷ್ಟು ಜಾಗವಿರುವ, ಸಾವಿರಾರು ಕಂಠಗಳು ಆಸರೆಗೆ ಬರುವ ಇನ್ನೊಂದು ಹಾಡು ಸಬ್ಬತ್‌ನಲ್ಲಿ ಹುಡುಕಿದರೂ ಸಿಗದು. ‘ಎನ್.ಐ.ಬಿ.’ ಶುರುವಾಗುವುದೇ ಗೀಜರ್ ಬಟ್ಲರ್‌ರ ಒಂಟಿ ಬೇಸ್‌ನಿಂದ. ‘ಐರನ್ ಮ್ಯಾನ್’ ಶುರುವಾಗುವುದು ಬಿಲ್ ವಾರ್ಡ್‌ರ ಕಾಲಿನ ಡ್ರಮ್‌ನ ಭಾರವಾದ ಹೆಜ್ಜೆಗಳಿಂದ. ಅದರ ಮೇಲೆ ಅಯೊಮಿ ತಂತಿಯನ್ನು ಬಗ್ಗಿಸಿ ನರಳಿಸುತ್ತಾರೆ, ಆಮೇಲೆ ಗಾಯಕನ ಸ್ವರ ಗಿಟಾರ್‌ನ ರಿಫ್ ಹೋದ ದಾರಿಯಲ್ಲೇ ಹೋಗುತ್ತದೆ. ಸ್ವರಸ್ಥಾನ ಹಿಡಿಯಲು ತಡವರಿಸುವ ಗಂಟಲಿಗೆ ಇದಕ್ಕಿಂತ ದೊಡ್ಡ ಊರುಗೋಲು ಬೇಕೆ? ಇನ್ನು ‘ಪ್ಯಾರನಾಯ್ಡ್’, ಆಲ್ಬಮ್‌ನಲ್ಲಿ ಜಾಗ ತುಂಬಲೆಂದು ಅವಸರದಲ್ಲಿ ಹೊಸೆದು, ಕೊನೆಗೆ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿದ ಹಾಡು. ಮೂರು ನಿಮಿಷವೂ ಇಲ್ಲ. ಓಝಿ ಸ್ವಂತ ತಂಡ ಕಟ್ಟಿಕೊಂಡ ಮೇಲೂ ದಶಕಗಳ ಕಾಲ ತಮ್ಮ ಕಾರ್ಯಕ್ರಮಗಳನ್ನು ಮುಗಿಸುತ್ತಿದ್ದುದು ಇದರಿಂದಲೇ.

ಬೇಸ್‌ಗೊಂದು, ಡ್ರಮ್‌ಗೊಂದು, ಜನರ ಕಂಠಕ್ಕೊಂದು ಹೆಬ್ಬಾಗಿಲು ತೆರೆದಿಟ್ಟ ಪಟ್ಟಿ ಇದು.

ಆ ನಾಲ್ಕು ಹಾಡುಗಳ ಇನ್ನೊಂದು ತೂಕ ಬಿಲ್ ವಾರ್ಡ್. ಮೂಲ ನಾಲ್ವರು ಒಟ್ಟಿಗೆ ನುಡಿಸಿದ್ದು 2005ರ ನಂತರ ಇದೇ ಮೊದಲು. 2012ರಲ್ಲಿ ಸಬ್ಬತ್ ಮತ್ತೆ ಕೂಡಿದಾಗ, ಒಪ್ಪಂದ ನ್ಯಾಯವಾಗಿಲ್ಲ ಎಂದು ವಾರ್ಡ್ ಹೊರಗುಳಿದರು. ‘13’ ಆಲ್ಬಮ್‌ಗೆ ಬ್ರ್ಯಾಡ್ ವಿಲ್ಕ್ ಡ್ರಮ್ಸ್ ನುಡಿಸಿದರು. ಪ್ರವಾಸಗಳಲ್ಲಿ ಟಾಮಿ ಕ್ಲುಫೆಟೋಸ್ ಕೂತರು. 2017ರ ಫೆಬ್ರವರಿ 4ರಂದು ಇದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ‘ದಿ ಎಂಡ್’ ಪ್ರವಾಸ ಮುಗಿದಾಗಲೂ ವಾರ್ಡ್ ಇರಲಿಲ್ಲ. ಹಳೆಯ ಅಭಿಮಾನಿಗಳಿಗೆ ಅದೊಂದು ಆರದ ಗಾಯವಾಗಿತ್ತು. ಕ್ಲುಫೆಟೋಸ್ ಅದ್ಭುತ ಡ್ರಮ್ಮರ್, ಶಕ್ತಿಯಲ್ಲಿ ಹಿರಿಯರನ್ನು ಮೀರಿಸಬಲ್ಲವರು. ಆದರೆ ವಾರ್ಡ್‌ರ ಕೈಯಲ್ಲಿ ಜಾಝ್ ಇದೆ, ತಾಳ ತುಸು ಹಿಂದೆ ಬಿದ್ದು ಮತ್ತೆ ಓಡಿ ಬಂದು ಸೇರಿಕೊಳ್ಳುವ ಒಂದು ಜೀವಂತ ಅಲುಗಾಟ ಇದೆ. 77ರ ವಯಸ್ಸಿನಲ್ಲಿ, ಅಂಗಿ ಕಳಚಿ ಕೂತು, ಅವರು ನುಡಿಸಿದ ‘ವಾರ್ ಪಿಗ್ಸ್’ ಕರಾರುವಾಕ್ಕಾಗಿರಲಿಲ್ಲ. ಅದು ಮಾತ್ರ 1970ರ ‘ವಾರ್ ಪಿಗ್ಸ್’ನ ನಿಜವಾದ ನಡಿಗೆ. ಯಾವ ನಾಲ್ಕು ಹಾಡು ಎಂಬುದರಷ್ಟೇ ಯಾವ ನಾಲ್ವರು ಎಂಬುದೂ ಸೆಟ್‌ಲಿಸ್ಟ್‌ನ ಭಾಗ. ಆ ದೃಷ್ಟಿಯಿಂದ ಸಬ್ಬತ್ ಆ ರಾತ್ರಿ ಎಂಟು ವರ್ಷಗಳ ಹಿಂದಿನದಕ್ಕಿಂತ ಪೂರ್ಣವಾದ ವಿದಾಯ ಹೇಳಿತು.

ಸ್ವಂತ ತಂಡದ ಐದು ಹಾಡುಗಳ ಕತೆ ಬೇರೆ. ಇಲ್ಲಿ ಕಾಣುವ ನೆರಳು ರ್‍ಯಾಂಡಿ ರೋಡ್ಸ್‌ರದು. 1979ರಲ್ಲಿ ಸಬ್ಬತ್ ಓಝಿಯನ್ನು ಹೊರಹಾಕಿತು. ಕುಡಿತ ಮತ್ತು ಮಾದಕವಸ್ತುಗಳಲ್ಲಿ ಮುಳುಗಿದ್ದ ಆ ಮನುಷ್ಯ ಮತ್ತೆ ಹಾಡಿಯಾನು ಎಂದು ಹೆಚ್ಚಿನವರು ನಂಬಿರಲಿಲ್ಲ. ಆಗ ಸಿಕ್ಕವರು ರೋಡ್ಸ್, ಕ್ಯಾಲಿಫೋರ್ನಿಯಾದ ಹುಡುಗ, ಶಾಸ್ತ್ರೀಯ ಗಿಟಾರ್‌ನ ಶ್ರದ್ಧಾವಂತ ವಿದ್ಯಾರ್ಥಿ. ಇಬ್ಬರೂ ಸೇರಿ ಮಾಡಿದ್ದು ಎರಡೇ ಸ್ಟುಡಿಯೊ ಆಲ್ಬಮ್. 1982ರ ಮಾರ್ಚ್ 19ರಂದು ಫ್ಲಾರಿಡಾದಲ್ಲಿ ಸಣ್ಣ ವಿಮಾನವೊಂದು ಅಪಘಾತಕ್ಕೀಡಾಗಿ ರೋಡ್ಸ್ ಸತ್ತರು, ಇಪ್ಪತ್ತೈದು ವರ್ಷ. ವಿಲ್ಲಾ ಪಾರ್ಕ್‌ನಲ್ಲಿ ಓಝಿ ಶುರು ಮಾಡಿದ ‘ಐ ಡೋಂಟ್ ನೋ’, ರೋಡ್ಸ್ ಜೊತೆಗಿನ ಮೊದಲ ಆಲ್ಬಮ್‌ನ ಮೊದಲ ಹಾಡು. ಅವರ ನೆನಪಿಗೆ 1987ರಲ್ಲಿ ತಂದ ‘ಟ್ರಿಬ್ಯೂಟ್’ ಲೈವ್ ಆಲ್ಬಮ್ ಕೂಡ ಅದರಿಂದಲೇ ಶುರುವಾಗುತ್ತದೆ. ಐದರಲ್ಲಿ ನಾಲ್ಕು ಹಾಡು ಆ ಮೊದಲ ಆಲ್ಬಮ್‌ನವಾಗಿದ್ದು ಆಕಸ್ಮಿಕ ಎಂದು ಹಳೆಯ ಅಭಿಮಾನಿ ಒಪ್ಪಲಾರ. ತನ್ನನ್ನು ಎತ್ತಿ ನಿಲ್ಲಿಸಿದ ಗೆಳೆಯನ ಋಣವನ್ನು ಕೊನೆಯ ಸಲ ತೀರಿಸಿದ ಪಟ್ಟಿ ಅದು.

ಇಲ್ಲಿ ಇನ್ನೆರಡು ಹೆಸರುಗಳನ್ನೂ ಹೇಳಲೇಬೇಕು. ‘ಬ್ಲಿಝರ್ಡ್ ಆಫ್ ಓಝ್’ನ ಬಹುತೇಕ ಸಾಹಿತ್ಯ ಬರೆದು ಬೇಸ್ ನುಡಿಸಿದವರು ಬಾಬ್ ಡೈಸ್ಲಿ, ಡ್ರಮ್ಸ್ ನುಡಿಸಿದವರು 2020ರಲ್ಲಿ ತೀರಿಕೊಂಡ ಲೀ ಕರ್ಸ್ಲೇಕ್. ಹಣ ಮತ್ತು ಹಕ್ಕಿನ ವಿಚಾರಕ್ಕೆ ಇವರಿಗೂ ಆಸ್ಬೋರ್ನ್ ಕುಟುಂಬಕ್ಕೂ ದೀರ್ಘ ವ್ಯಾಜ್ಯ ನಡೆಯಿತು. 2002ರ ಮರುಮುದ್ರಣದಲ್ಲಿ ಇಬ್ಬರ ನುಡಿಸಾಣಿಕೆಯನ್ನೂ ಅಳಿಸಿ, ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬಾರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಹಾಕಿದರು. ಅಭಿಮಾನಿಗಳ ಸಿಟ್ಟು ಆರಲಿಲ್ಲ. ಮೂಲ ಧ್ವನಿಮುದ್ರಣ ಮತ್ತೆ ಸಿಕ್ಕಿದ್ದು 2011ರಲ್ಲಿ. ಮೆಟಲ್‌ನ ಇತಿಹಾಸದಲ್ಲಿ ಅದೊಂದು ಕೆಟ್ಟ ಅಧ್ಯಾಯ. ಓಝಿಯನ್ನು ಎಷ್ಟೇ ಪ್ರೀತಿಸಿದರೂ ಅದನ್ನು ಹಾಗೆಂದೇ ಕರೆಯಬೇಕು. ವಿಲ್ಲಾ ಪಾರ್ಕ್‌ನಲ್ಲಿ ಆ ನಾಲ್ಕು ಹಾಡುಗಳಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ದನಿಗೂಡಿಸಿದಾಗ, ಅವರ ಬಾಯಲ್ಲಿದ್ದ ಮಾತುಗಳಲ್ಲಿ ಹೆಚ್ಚಿನವು ಡೈಸ್ಲಿಯವು.

ಆ ನಾಲ್ಕರಲ್ಲಿ ‘ಸುಯಿಸೈಡ್ ಸೊಲ್ಯೂಷನ್’ ಸೇರಿದ್ದು ಪಟ್ಟಿಯ ದಿಟ್ಟ ಆಯ್ಕೆ. ಹಾಡು ಕುಡಿತ ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದರ ಬಗ್ಗೆ. ಆದರೆ 1980ರ ದಶಕದಲ್ಲಿ ಅಮೆರಿಕದಲ್ಲಿ ಹದಿಹರೆಯದ ಹುಡುಗನೊಬ್ಬ ಆತ್ಮಹತ್ಯೆ ಮಾಡಿಕೊಂಡಾಗ, ಹಾಡೇ ಪ್ರಚೋದನೆ ಎಂದು ಅವನ ಹೆತ್ತವರು ಓಝಿಯ ಮೇಲೆ ದಾವೆ ಹೂಡಿದರು. ಕ್ಯಾಲಿಫೋರ್ನಿಯಾದ ನ್ಯಾಯಾಲಯ ಅದನ್ನು ವಜಾ ಮಾಡಿತು. ಇಡೀ ಮೆಟಲ್ ಸಂಗೀತವನ್ನೇ ಕಟಕಟೆಗೆ ನಿಲ್ಲಿಸಿದ್ದ ದಿನಗಳು ಅವು. ಬೇಕಿದ್ದರೆ ಅದರ ಬದಲು ‘ನೋ ಮೋರ್ ಟಿಯರ್ಸ್’ ಹಾಡಿ ಎಲ್ಲರನ್ನೂ ಖುಷಿಪಡಿಸಬಹುದಿತ್ತು. ಕುಡಿತದಿಂದ ಸಾವಿನ ಬಾಗಿಲಿಗೆ ಎಷ್ಟೋ ಸಲ ಹೋಗಿ ಬಂದವರು ಕೊನೆಯ ರಾತ್ರಿ ಅದೇ ಹಾಡನ್ನು ಆರಿಸಿಕೊಂಡರೆ, ‘ಸುರಕ್ಷಿತ ಪಟ್ಟಿ’ ಎಂಬ ಮಾತು ಅಲ್ಲಿಗೆ ನಿಲ್ಲಬೇಕು.

ಐದನೆಯ ಹಾಡು, ‘ಮಾಮಾ’, ಪತ್ನಿ ಶರೋನ್‌ಗಾಗಿ ಹುಟ್ಟಿದ್ದು. ಮಾತು ಬರೆದವರು ಮೋಟರ್‌ಹೆಡ್‌ನ ಲೆಮಿ. ಮೋಟರ್‌ಹೆಡ್‌ನಲ್ಲಿ ವರ್ಷಗಟ್ಟಲೆ ದುಡಿದು ಗಳಿಸಿದ್ದಕ್ಕಿಂತ ಓಝಿಗೆ ಬರೆದುಕೊಟ್ಟ ಕೆಲವೇ ಹಾಡುಗಳಿಂದ ಹೆಚ್ಚು ಹಣ ಬಂತು ಎಂದು ಲೆಮಿ ಹೇಳುತ್ತಿದ್ದರು. ವಿಲ್ಲಾ ಪಾರ್ಕ್‌ನಲ್ಲಿ ಓಝಿಯ ದನಿ ಅತಿ ಹೆಚ್ಚು ಒಡೆದದ್ದು ಈ ಹಾಡಿನಲ್ಲೇ. ಆಲ್ಬಮ್‌ಗಳಲ್ಲಿ ಓಝಿಯ ದನಿಯನ್ನು ಎರಡೆರಡು ಸಲ ಹಾಡಿಸಿ ಒಂದರ ಮೇಲೊಂದು ಕೂಡಿಸುವುದು ರೂಢಿ. ಆ ಹೊಳಪು ಬರುವುದು ಅದರಿಂದ. ಇಲ್ಲಿ ಅದೇನೂ ಇರಲಿಲ್ಲ. ದಪ್ಪ ಗಿಟಾರ್‌ಗಳ ಮರೆಯಿಲ್ಲದ ನಿಧಾನಗತಿಯ ಹಾಡಿನಲ್ಲಿ ನಡುಗುವ ಒಂಟಿ ದನಿ. ತಾವು ಬೆಳೆದ ಆಸ್ಟನ್‌ನ ಲಾಡ್ಜ್ ರಸ್ತೆಯ ಮನೆಯಿಂದ ನಡೆದೇ ಬರಬಹುದಾದ ಮೈದಾನದಲ್ಲಿ ಕೂತು, ಮನೆಗೆ ಮರಳುವ ಹಾಡನ್ನು ಅವರು ಹಾಡುತ್ತಿದ್ದರು. ಶ್ರುತಿ ತಪ್ಪಿತೆಂದು ಆ ಹಾಡನ್ನು ಬಿಡಬೇಕಿತ್ತು ಎನ್ನುವವರ ಮಾತನ್ನು ಒಪ್ಪುವುದು ಸಾಧ್ಯವಿಲ್ಲ.

ಹಾಗಾದರೆ ಬಿಟ್ಟುಹೋದ ಹಾಡುಗಳು? ಈ ಪ್ರಶ್ನೆಗೆ ಉತ್ತರ ಒಂಬತ್ತು ಹಾಡುಗಳ ಹೊರಗಿದೆ. ‘ಬ್ಯಾಕ್ ಟು ದ ಬಿಗಿನಿಂಗ್’ ಎಂದು ಹೆಸರಿಟ್ಟ ಆ ದಿನದ ಸಂಗೀತ ನಿರ್ದೇಶಕ ಟಾಮ್ ಮೊರೆಲೊ. ಮಧ್ಯಾಹ್ನದಿಂದಲೇ ವೇದಿಕೆ ತೆರೆದಿತ್ತು. ಬಂದ ತಂಡಗಳೆಲ್ಲ ತಮ್ಮ ಹಾಡಿನ ಜೊತೆಗೆ ಓಝಿಯದೋ ಸಬ್ಬತ್‌ನದೋ ಹಾಡುತ್ತಿದ್ದವು. ಮಾಸ್ಟೊಡಾನ್ ‘ಸೂಪರ್‌ನಾಟ್’ ಹಾಡಿತು. ಆಂಥ್ರಾಕ್ಸ್ ‘ಇನ್‌ಟು ದ ವಾಯ್ಡ್’, ಲ್ಯಾಂಬ್ ಆಫ್ ಗಾಡ್ ‘ಚಿಲ್ಡ್ರನ್ ಆಫ್ ದ ಗ್ರೇವ್’, ಟೂಲ್ ‘ಹ್ಯಾಂಡ್ ಆಫ್ ಡೂಮ್’ ಎತ್ತಿಕೊಂಡವು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿಹೋದ ಮೆಟಾಲಿಕಾ, ಎಲ್ಲರೂ ಊಹಿಸುವ ಹಾಡುಗಳನ್ನು ಬಿಟ್ಟು ‘ಹೋಲ್ ಇನ್ ದ ಸ್ಕೈ’ ಮತ್ತು ‘ಜಾನಿ ಬ್ಲೇಡ್’ ಆರಿಸಿತು. ಗನ್ಸ್ ಎನ್ ರೋಸಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಇಟ್ಸ್ ಆಲ್‌ರೈಟ್’ ಹಾಡಿತು. 1976ರ ಆಲ್ಬಮ್‌ನಲ್ಲಿ ಅದನ್ನು ಹಾಡಿದವರು ಓಝಿ ಅಲ್ಲವೇ ಅಲ್ಲ, ಡ್ರಮ್ಮರ್ ಬಿಲ್ ವಾರ್ಡ್. ಇಂಥದ್ದೊಂದು ಗೊತ್ತಿದ್ದು ಆರಿಸುವವರು ಅಭಿಮಾನಿಗಳೇ ಆಗಿರಬೇಕು.

ಆ ದಿನದ ಶಿಖರಗಳಲ್ಲೊಂದು ‘ಚೇಂಜಸ್’. ಹಾಡಿದವರು ಇಪ್ಪತ್ತೇಳರ ಯಂಗ್‌ಬ್ಲಡ್. ಪಿಯಾನೊದ ಮೇಲೆ ನಿಂತ ಆ ಹಾಡಿನಲ್ಲಿ ದೀರ್ಘ ಸ್ವರಗಳನ್ನು ಹಿಡಿದು ನಿಲ್ಲಿಸಬೇಕು. 76ರ ಓಝಿಗೆ ಅದು ಆಗುತ್ತಿರಲಿಲ್ಲ. ಯುವಕನೊಬ್ಬ ಅದನ್ನು ಹಾಡಿ ಕಣ್ಣೀರು ತರಿಸಿದ. ‘ಬಾರ್ಕ್ ಅಟ್ ದ ಮೂನ್’, ‘ಫ್ಲೈಯಿಂಗ್ ಹೈ ಅಗೇನ್’, ‘ಸ್ನೋಬ್ಲೈಂಡ್’ ಕೂಡ ಬೇರೆಯವರ ಪಾಲಾದವು. ತನಗೆ ಈಗ ಆಗದ ಹಾಡನ್ನು ಆಗುವವರಿಗೆ ಕೊಟ್ಟು, ತನಗೆ ಆಗುವ ಒಂಬತ್ತನ್ನು ಉಳಿಸಿಕೊಳ್ಳುವುದು ಗಾಯಕನ ಪ್ರಾಮಾಣಿಕತೆ. ಹಿನ್ನೆಲೆಯಲ್ಲಿ ಧ್ವನಿಮುದ್ರಿಕೆ ಓಡಿಸಿ ತುಟಿ ಅಲ್ಲಾಡಿಸುವ ಕಾರ್ಯಕ್ರಮಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಅದಕ್ಕೆ ಬೆಲೆಯಿದೆ. ಇಡೀ ದಿನವನ್ನು ಒಂದೇ ಪಟ್ಟಿಯಾಗಿ ಓದಿದವರಿಗೆ 1970ರ ದಶಕದ ಆಲ್ಬಮ್‌ಗಳು ಕಾಣೆಯಾಗಿರಲಿಲ್ಲ.

ಬೇರೆ ಗಾಯಕರು ಬೇರೆ ದಾರಿ ಹಿಡಿದದ್ದುಂಟು, ಅವೂ ಗೌರವಕ್ಕೆ ಅರ್ಹ. ಓಝಿಯ ನಂತರ ಸಬ್ಬತ್‌ಗೆ ಬಂದ ರಾನಿ ಜೇಮ್ಸ್ ಡಿಯೊ, 2006ರಲ್ಲಿ ಅಯೊಮಿ, ಬಟ್ಲರ್ ಜೊತೆ ಮತ್ತೆ ಕೂಡಿದಾಗ ತಂಡದ ಹೆಸರನ್ನೇ ‘ಹೆವನ್ ಆ್ಯಂಡ್ ಹೆಲ್’ ಎಂದು ಬದಲಿಸಿದರು. ಹಾಗಾಗಿ ‘ಐರನ್ ಮ್ಯಾನ್’ ಹಾಡಿ ಎಂದು ಕೂಗುವವರಿಗೆ ದಾರಿಯೇ ಇರಲಿಲ್ಲ. ಐರನ್ ಮೇಡನ್ 2006ರಲ್ಲಿ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ ಹೊಸ ಆಲ್ಬಮ್ ಅನ್ನು ವೇದಿಕೆಯ ಮೇಲೆ ಪೂರ್ತಿಯಾಗಿ ನುಡಿಸಿತು. ಅದೇ ಪ್ರವಾಸ 2007ರ ಮಾರ್ಚ್ 17ರಂದು ಬೆಂಗಳೂರಿಗೂ ಬಂತು. ಬ್ರೂಸ್ ಡಿಕಿನ್ಸನ್‌ರಂಥ ಗಟ್ಟಿ ಶ್ವಾಸಕೋಶದ ಗಾಯಕ ಹಾಗೆ ಹೊಸದನ್ನು ಹೇರಬಹುದು. ಓಝಿ ಆ ಸ್ಥಿತಿಯಲ್ಲಿರಲಿಲ್ಲ. ಒಂದೇ ಅಳತೆಗೋಲಿನಿಂದ ಇಬ್ಬರ ಪಟ್ಟಿಯನ್ನೂ ಅಳೆಯಲಾಗದು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಬಾಕಿ ಹಾಗೇ ಇದೆ. ಬ್ಲ್ಯಾಕ್ ಸಬ್ಬತ್ ಆ ರಾತ್ರಿ ‘ಬ್ಲ್ಯಾಕ್ ಸಬ್ಬತ್’ ಹಾಡನ್ನು ಹಾಡಲಿಲ್ಲ.

1970ರ ಫೆಬ್ರವರಿ 13, ಶುಕ್ರವಾರ ಬಂದ ಚೊಚ್ಚಲ ಆಲ್ಬಮ್‌ನ ಮೊದಲ ಹಾಡದು. ಮಳೆ, ದೂರದ ಗಂಟೆ, ಆಮೇಲೆ ಅಯೊಮಿಯ ಗಿಟಾರ್‌ನಿಂದ ಮೂರು ಸ್ವರ. ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಎರಡು ಬೆರಳ ತುದಿ ಕಳೆದುಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ಗಿಟಾರ್ ಹಿಡಿದ ಕೈ ಅದು. ಹೆವಿ ಮೆಟಲ್ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಬಹಳ ಮಂದಿ ಬೆರಳು ತೋರುವುದು ಆ ಮೂರು ಸ್ವರಗಳ ಕಡೆಗೆ. ಆರಂಭಕ್ಕೆ ಮರಳುವುದು ಎಂದು ಕಾರ್ಯಕ್ರಮಕ್ಕೆ ಹೆಸರಿಟ್ಟವರಿಗೆ ಅದಕ್ಕಿಂತ ಹಿಂದಿನ ಆರಂಭ ಇನ್ನೊಂದಿಲ್ಲ. ಗತಿ ನಿಧಾನ, ಚರಣಗಳು ತಗ್ಗಿದ ದನಿಯವು, ಕೂತು ಹಾಡಲು ಹೇಳಿ ಮಾಡಿಸಿದಂಥವು. ಕೊನೆಯ ಭಾಗದಲ್ಲಿ ಹಾಡು ಓಟಕ್ಕೆ ಬಿದ್ದಾಗ ದನಿ ಎತ್ತುವುದು ಕಷ್ಟವಾಗುತ್ತಿತ್ತು ನಿಜ, ಆದರೆ ಆ ಭಯದ ಕೂಗು ಒಡೆದ ದನಿಯಲ್ಲಿ ಬಂದಿದ್ದರೆ ಇನ್ನೂ ನಿಜವಾಗುತ್ತಿತ್ತು. ಒಂದನ್ನು ತೆಗೆದು ಇದನ್ನು ಹಾಕಲೇಬೇಕೆಂದಿದ್ದರೆ ‘ಐರನ್ ಮ್ಯಾನ್’ ತೆಗೆಯಬಹುದಿತ್ತು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಸಮಾರೋಪದಲ್ಲಿ ಓಝಿ, ಅಯೊಮಿ ಕಾಣಿಸಿಕೊಂಡಾಗಲೂ ಅದರ ತುಣುಕು ಕೇಳಿಬಂದಿತ್ತು.

ನಷ್ಟ ಇನ್ನೂ ಆಳವಾಗುವುದು ವಾರ್ಡ್‌ರಿಂದಾಗಿ. ‘ದಿ ಎಂಡ್’ ಪ್ರವಾಸ ಶುರುವಾಗುತ್ತಿದ್ದುದೇ ‘ಬ್ಲ್ಯಾಕ್ ಸಬ್ಬತ್’ನಿಂದ. ಆದರೆ ಅಲ್ಲಿ ವಾರ್ಡ್ ಇರಲಿಲ್ಲ. ವಿಲ್ಲಾ ಪಾರ್ಕ್‌ನಲ್ಲಿ ವಾರ್ಡ್ ಇದ್ದರು, ಹಾಡು ಇರಲಿಲ್ಲ. ಆ ಹಾಡಿನ ಜೀವವೇ ಮೂರು ಸ್ವರಗಳ ನಡುವಿನ ಮೌನದಲ್ಲಿ ವಾರ್ಡ್ ಉರುಳಿಸುವ ಡ್ರಮ್ಸ್. ಇನ್ನು ಆ ನಾಲ್ವರಿಂದ ಅದನ್ನು ವೇದಿಕೆಯ ಮೇಲೆ ಕೇಳುವ ಸಾಧ್ಯತೆ ಮುಗಿಯಿತು.

ಕೇಳಬೇಕೆನ್ನುವವರಿಗೆ 1998ರ ‘ರಿಯೂನಿಯನ್’ ಲೈವ್ ಆಲ್ಬಮ್ ಇದೆ. 1997ರ ಡಿಸೆಂಬರ್‌ನಲ್ಲಿ ಇದೇ ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿ ಸಭಾಂಗಣದಲ್ಲಿ ನಾಲ್ವರೂ ಕೂಡಿ ನುಡಿಸಿದ್ದು. ಓಝಿಗೆ ಆಗ 49ರ ವಯಸ್ಸು, ದನಿ ಗಟ್ಟಿಯಾಗಿತ್ತು. ವಿಲ್ಲಾ ಪಾರ್ಕ್‌ನ ನಾಲ್ಕೂ ಹಾಡುಗಳು ಅದರಲ್ಲಿವೆ. ಬಾಕಿ ಉಳಿದದ್ದು ಎರಡನೇ ಡಿಸ್ಕ್‌ನಲ್ಲಿ, ‘ಐರನ್ ಮ್ಯಾನ್’ಗಿಂತ ಒಂದು ಹಾಡು ಮೊದಲು.